ಎಂಆರ್ಚ್ ಕೊಟ್ಟಾಯಿತು, ಹಳೆಯ ಬೋರ್ಡ್ ಮಾತ್ರ ಓಡಲೊಲ್ಲದು

ದೂರು ಯಾವಾಗಲೂ ಒಂದೇ ಧಾಟಿಯದು. ಕಂಪೈಲರ್ ಹೊಸದಾಯಿತು, ಬಿಲ್ಡ್ ಒಂದು ವಾರ್ನಿಂಗೂ ಇಲ್ಲದೆ ಮುಗಿಯಿತು, ಹಳೆಯ 32 ಬಿಟ್ ಬೋರ್ಡಿಗೆ ಹಾಕಿದ ಕೂಡಲೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’, ಎಕ್ಸಿಟ್ ಕೋಡ್ 132. ಜೊತೆಗೊಂದು ತೀರ್ಪು: ‘ಎಂಆರ್ಚ್ ಐ586 ಅಂತ ಸರಿಯಾಗೇ ಕೊಟ್ಟಿದ್ದೇವೆ, ಇದು ಜಿಸಿಸಿ ಬಗ್.’ (ಜಿಸಿಸಿ ಎಂದರೆ ಆ ಕಂಪೈಲರ್, ಎಂಆರ್ಚ್ ಎಂದರೆ ಯಾವ ಸಿಪಿಯುಗೆ ಕೋಡ್ ಬೇಕೆಂದು ಅದಕ್ಕೆ ಹೇಳುವ ಆಯ್ಕೆ, ಐ586 ಎಂದರೆ ಮೂಲ ಪೆಂಟಿಯಂ ಮಟ್ಟ.) ಅಲ್ಲ ಸ್ವಾಮಿ. ಜಿಸಿಸಿಯಲ್ಲಿ ಬಗ್ ಇರಲಾರದೆಂದು ಪ್ರಮಾಣ ಮಾಡಲಾರೆ, ಆದರೆ ಈ ಲಕ್ಷಣಕ್ಕೆ ಮೊದಲು ಅನುಮಾನಿಸಬೇಕಾದ್ದು ಅದನ್ನಲ್ಲ.

ಎಂಆರ್ಚ್ ಅನ್ವಯಿಸುವುದು ಆ ಕಮಾಂಡಿನಲ್ಲಿ ಕಂಪೈಲ್ ಆಗುವ ಫೈಲುಗಳಿಗೆ ಮಾತ್ರ. ಇದು ಎಷ್ಟು ಹೇಳಿದರೂ ತಲೆಗಿಳಿಯದ ಕಾರಣ ಬಿಡಿಸಿಯೇ ಹೇಳುತ್ತೇನೆ. ನಿಮ್ಮ ಕೋಡನ್ನು ನೀವು ಐ586ಕ್ಕೆಂದೇ ಕಂಪೈಲ್ ಮಾಡಿದಿರಿ, ಒಪ್ಪಿದೆ. ತುಣುಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಲಿಂಕರ್ ಅದಕ್ಕೆ ಸಿಆರ್‌ಟಿ1, ಸಿಆರ್‌ಟಿಐ, ಸಿಆರ್‌ಟಿಬಿಗಿನ್ ಎಂಬ ಆರಂಭಿಕ ಆಬ್ಜೆಕ್ಟುಗಳನ್ನೂ (ಮೊದಲೇ ಕಂಪೈಲ್ ಆದ ಫೈಲುಗಳನ್ನೂ), ಜಿಸಿಸಿಯ ಸಹಾಯಕ ಲೈಬ್ರರಿ ಲಿಬ್‌ಜಿಸಿಸಿಯ ತುಣುಕುಗಳನ್ನೂ ಸೇರಿಸಿತು. ಸ್ಟ್ಯಾಟಿಕ್ ಲಿಂಕ್ ಆಗಿದ್ದರೆ (ಲೈಬ್ರರಿಯನ್ನು ಪ್ರೋಗ್ರಾಂನೊಳಗೇ ಸೇರಿಸಿದ್ದರೆ) ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಭಾಗಗಳನ್ನೂ. ಅವನ್ನೆಲ್ಲ ಕಂಪೈಲ್ ಮಾಡಿದವರು ಡಿಸ್ಟ್ರೋದವರು (ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ಹಂಚುವವರು), ತಮ್ಮ ಬೇಸ್‌ಲೈನ್‌ಗೆ, ಅಂದರೆ ತಾವು ನಿಗದಿ ಮಾಡಿದ ಕನಿಷ್ಠ ಸಿಪಿಯು ಮಟ್ಟಕ್ಕೆ ತಕ್ಕಂತೆ. ನಿಮ್ಮ ಆಯ್ಕೆ ಈಗಾಗಲೇ ತಯಾರಾಗಿರುವ ಆಬ್ಜೆಕ್ಟಿನೊಳಗೆ ಹೋಗಿ ಒಂದೇ ಒಂದು ಬೈಟನ್ನೂ ಬದಲಿಸುವುದಿಲ್ಲ. ಲೈಬ್ರರಿಯನ್ನು ಓಡುವಾಗ ಕೂಡಿಸಿಕೊಳ್ಳುವ ಡೈನಾಮಿಕ್ ಲಿಂಕ್ ಆದರೂ ಹೊಸ ಡಿಸ್ಟ್ರೋದ ರೂಟ್‌ಫೈಲ್‌ಸಿಸ್ಟಮ್ (ಸಿಸ್ಟಮಿನ ಇಡೀ ಫೈಲ್ ಮರ) ನಕಲು ಮಾಡಿದ್ದರೆ ಕಥೆ ಅದೇ; ಮೇನ್ ಶುರುವಾಗುವ ಮೊದಲೇ, ಲೋಡರ್‌ನಲ್ಲೇ ಪ್ರೋಗ್ರಾಂ ಬಿದ್ದುಹೋಗಬಹುದು.

ಊಹೆ ಬಿಟ್ಟು ಬಿದ್ದ ಪ್ರೋಗ್ರಾಂ ಬಿಟ್ಟುಹೋದ ಕೋರ್ ಫೈಲನ್ನು ಜಿಡಿಬಿ ಡಿಬಗ್ಗರಿನಲ್ಲಿ ತೆರೆಯಿರಿ, ಪ್ರೋಗ್ರಾಂ ಕೌಂಟರ್ ಇರುವಲ್ಲಿನ ಇನ್‌ಸ್ಟ್ರಕ್ಷನ್ ನೋಡಿ, ಅದು ಯಾವ ಲೈಬ್ರರಿಯದೆಂದು ಪತ್ತೆಮಾಡಿ. ಸಿಮೂವ್ (ಷರತ್ತಿನ ಮೇಲೆ ಮೌಲ್ಯ ಸಾಗಿಸುವ ಇನ್‌ಸ್ಟ್ರಕ್ಷನ್) ಕಂಡರೆ ಅದು ಐ586ರ ಮುಂದಿನ ಮಟ್ಟವಾದ ಐ686ರ ಕೋಡ್. ಮೂಲ ಪೆಂಟಿಯಂನಲ್ಲೂ ಎಎಂಡಿಯ ಕೆ6ನಲ್ಲೂ ಅದು ಇಲ್ಲ. ಎಕ್ಸ್‌ಎಂಎಂ ರಿಜಿಸ್ಟರ್ ಕಂಡರೆ ಎಸ್‌ಎಸ್‌ಇ ಎಂಬ ನಂತರದ ಇನ್‌ಸ್ಟ್ರಕ್ಷನ್ ಗುಂಪು. ಎಂಡ್‌ಬಿಆರ್32 ಕಂಡರೆ ಸಿಎಫ್-ಪ್ರೊಟೆಕ್ಷನ್ ಎಂಬ ಭದ್ರತಾ ಆಯ್ಕೆ ಹಾಕಿ ಕಟ್ಟಿದ ಕೋಡ್. ಉದ್ದ ನಾಪ್ (ಏನೂ ಮಾಡದ, ಹಲವು ಬೈಟಿನ ಇನ್‌ಸ್ಟ್ರಕ್ಷನ್) ಅರಿತ ಸಿಪಿಯು ಇದನ್ನು ಏನೂ ಮಾಡದೆ ದಾಟಿಹೋಗುತ್ತದೆ, ಅರಿಯದ್ದು ಅಲ್ಲೇ ಮುಗ್ಗರಿಸುತ್ತದೆ.

ಎಎಂಡಿಯ ಹಳೆಯ ಎಂಬೆಡೆಡ್ ಚಿಪ್ ಜಿಯೋಡ್ ಎಲ್‌ಎಕ್ಸ್ ಬಳಸುವವರು ಸಿಕ್ಕಿಬೀಳುವುದು ಇಲ್ಲೇ. ಅದರಲ್ಲಿ ಸಿಮೂವ್ ಇದೆ, ಹಾಗಾಗಿ ಐ686 ಎಂದೇ ನಂಬಿರುತ್ತಾರೆ. ಆದರೆ ಉದ್ದ ನಾಪ್ ಇಲ್ಲ. 2023ರಲ್ಲಿ ಬಂದ ಡೆಬಿಯನ್ 12 ಅದನ್ನು ಕಡ್ಡಾಯ ಮಾಡಿತು, 11ರ ತನಕ ಓಡುತ್ತಿದ್ದ ಬೋರ್ಡು ಹೊರಗುಳಿಯಿತು. ಇನ್ನು ಉಬುಂಟು ಕಂಪೈಲರಿನಲ್ಲಿ ಸಿಎಫ್-ಪ್ರೊಟೆಕ್ಷನ್ ಮೊದಲೇ ಆನ್ ಆಗಿರುತ್ತದೆ. ಐ586 ಕೇಳಿದರೆ ‘ಈ ಟಾರ್ಗೆಟ್‌ಗೆ ಹೊಂದುವುದಿಲ್ಲ’ ಎಂದು ಎರರ್ ಕೊಡುತ್ತದೆ. ಜನ ಆ ಆಯ್ಕೆಗೆ ‘ನನ್’ (ಬೇಡ) ಎಂದು ಹಾಕಿ ಎರರ್ ಅಡಗಿಸಿ ನಿರಾಳವಾಗುತ್ತಾರೆ. ಜಿಲಿಬ್‌ಸಿಯೊಳಗಿನ ಎಂಡ್‌ಬಿಆರ್ ಎಲ್ಲಿಗೆ ಹೋಯಿತು? ಎಲ್ಲಿಗೂ ಇಲ್ಲ.

ದಾರಿ ಒಂದೇ: ಟೂಲ್‌ಚೈನನ್ನೇ (ಕಂಪೈಲರ್, ಲಿಂಕರ್, ಲೈಬ್ರರಿಗಳ ಇಡೀ ಸೆಟ್ಟನ್ನೇ) ಆ ಸಿಪಿಯುಗಾಗಿ ಕಟ್ಟುವುದು. ಮೊದಲು ಬಿನ್‌ಯುಟಿಲ್ಸ್ (ಅಸೆಂಬ್ಲರ್, ಲಿಂಕರ್), ಆಮೇಲೆ ಕರ್ನಲ್ ಹೆಡರುಗಳು, ಸಿ ಲೈಬ್ರರಿ ಇಲ್ಲದ ಮೊದಲ ಹಂತದ ಜಿಸಿಸಿ, ಜಿಲಿಬ್‌ಸಿ, ಕೊನೆಗೆ ಪೂರ್ಣ ಜಿಸಿಸಿ. ಜಿಸಿಸಿಯ ಕಾನ್ಫಿಗರ್‌ನಲ್ಲಿ ವಿತ್-ಆರ್ಚ್ ಐ586 ಎಂದು ಕೊಟ್ಟರೆ ಲಿಬ್‌ಜಿಸಿಸಿ, ಸಿ++ ಲೈಬ್ರರಿ ಲಿಬ್‌ಸ್ಟಡ್‌ಸಿ++ ಎರಡೂ ಆ ಮಟ್ಟಕ್ಕೇ ತಯಾರಾಗುತ್ತವೆ. ಮಲ್ಟಿಲಿಬ್ (ಒಂದೇ ಲೈಬ್ರರಿಯ ಹಲವು ರೂಪ ಕಟ್ಟುವುದು) ಆಫ್ ಮಾಡಿ, ಸಿಸ್‌ರೂಟ್ (ಬೋರ್ಡಿನ ಹೆಡರ್, ಲೈಬ್ರರಿಗಳ ಫೋಲ್ಡರ್) ಬೇರೆಯೇ ಇಡಿ. ಹೋಸ್ಟಿನ (ಬಿಲ್ಡ್ ಮಾಡುವ ಯಂತ್ರದ) ಲೈಬ್ರರಿ ಒಂದು ನುಸುಳಿದರೂ ಶ್ರಮ ವ್ಯರ್ಥ. ಮುಗಿದ ಮೇಲೆ ಇಡೀ ರೂಟ್‌ಫೈಲ್‌ಸಿಸ್ಟಮನ್ನು ಆಬ್ಜ್‌ಡಂಪ್ ಮಾಡಿ (ಇನ್‌ಸ್ಟ್ರಕ್ಷನ್‌ಗಳಾಗಿ ಬಿಡಿಸಿ) ಸಿಮೂವ್, ಎಂಡ್‌ಬಿಆರ್ ಹುಡುಕಿ. ಎಕ್ಸ್‌ಎಂಎಂ ಸಿಕ್ಕಿದ ಮಾತ್ರಕ್ಕೆ ಗಾಬರಿ ಬೇಡ: ಮೆಮ್‌ಕಾಪಿಯಂಥ ಫಂಕ್ಷನ್‌ಗಳಿಗೆ ಜಿಲಿಬ್‌ಸಿ ಹಲವು ರೂಪಗಳನ್ನು ಇಟ್ಟುಕೊಂಡು, ಓಡುವಾಗ ಸಿಪಿಯುವನ್ನು ಕೇಳಿ ಆರಿಸುತ್ತದೆ. ಸಾಮಾನ್ಯ ಫಂಕ್ಷನ್ನಿನ ಹೊಟ್ಟೆಯಲ್ಲಿ ಸಿಕ್ಕರೆ ಮಾತ್ರ ತಪ್ಪು. ಎಮ್ಯುಲೇಟರಿನಲ್ಲಿ ಪಾಸಾಯಿತೆಂದು ಬೀಗಬೇಡಿ, ಕೊನೆಯ ಪರೀಕ್ಷೆ ನಿಜವಾದ ಬೋರ್ಡಿನ ಮೇಲೇ ಆಗಲಿ.

ಮೆಸೇಜ್ ಪೂರ್ತಿ ಓದುವ ಅಭ್ಯಾಸವೂ ಬೇಕು. ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂದರೆ ಸಿಪಿಯು ಮೇಲೆ ಗೂಬೆ ಕೂರಿಸಬೇಡಿ. 2021ರ ಆ ಆವೃತ್ತಿಯಲ್ಲೋ ಅದರಾಚೆಯದರಲ್ಲೋ ಕಟ್ಟಿದ ಸಾದಾ ಹಲೋ ವರ್ಲ್ಡ್ ಕೂಡ ಹಳೆಯ ಜಿಲಿಬ್‌ಸಿಯಲ್ಲಿ ಶುರುವಾಗುವುದಿಲ್ಲ. ‘ಕರ್ನಲ್ ತೀರಾ ಹಳೆಯದು’ ಎಂಬುದು ಮತ್ತೊಂದು, 2.26ರಿಂದ ಎಕ್ಸ್86ಗೆ ಕನಿಷ್ಠ 3.2 ಕರ್ನಲ್ ಬೇಕು. ‘ಎಕ್ಸ್86-64-ವಿ2 ಇಲ್ಲ’ ಎಂಬುದು ಮಾತ್ರ ನಿಜಕ್ಕೂ ಸಿಪಿಯು ತಕರಾರು. 64 ಬಿಟ್ ಯಂತ್ರವಾದರೂ ಎಸ್‌ಎಸ್‌ಇ4.2, ಪಾಪ್‌ಕೌಂಟ್ ಇಲ್ಲದಿದ್ದರೆ ರೆಡ್ ಹ್ಯಾಟ್ 9 ಅದನ್ನು ಒಲ್ಲದು. ಲಿಂಕ್ ಮಾಡುವಾಗ 8 ಬೈಟ್ ಅಟಾಮಿಕ್ ಫಂಕ್ಷನ್ ಸಿಗಲಿಲ್ಲವೆಂದರೆ ಲಿಬ್‌ಅಟಾಮಿಕ್ ಸೇರಿಸಿ, ಅಷ್ಟೇ.

ಕಂಪೈಲರಿನ ಆವೃತ್ತಿಯಲ್ಲ, ಕಂಪೈಲರೇ ಬದಲಾದಾಗ ಪೆಟ್ಟು ಬೇರೆ ತರಹದ್ದು. 2020ರಲ್ಲಿ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ತನ್ನ ಮೂಲ ಕೋಡಿನಿಂದ ಜಿಸಿಸಿ 4.2.1 ತೆಗೆದಾಗ ಸ್ಪಾರ್ಕ್64 ಸಿಪಿಯುವಿನ ಬೆಂಬಲ ಕೂಡ ಹೋಯಿತು. ಆಲ್ಫಾ, ಪಿಎ-ರಿಸ್ಕ್ ಎಂಬ ಹಳೆಯ ಸಿಪಿಯುಗಳಿಗೆ ಎಲ್‌ಎಲ್‌ವಿಎಂನಲ್ಲಿ (ರಸ್ಟ್ ಭಾಷೆಯ ಕಂಪೈಲರ್ ನಿಂತಿರುವ ನೆಲೆ) ಬ್ಯಾಕೆಂಡ್, ಅಂದರೆ ಆ ಸಿಪಿಯುಗೆ ಕೋಡ್ ಹೊರಡಿಸುವ ಭಾಗ ಇಲ್ಲ, ಹಾಗಾಗಿ ರಸ್ಟ್ ಇಲ್ಲ. 2021ರ ಫೆಬ್ರವರಿಯಲ್ಲಿ ಪೈಥಾನಿನ ಕ್ರಿಪ್ಟೋಗ್ರಫಿ ಪ್ಯಾಕೇಜ್ ರಸ್ಟ್ ಬೇಡಿದಾಗ ಆ ಯಂತ್ರಗಳವರು ಹಳೆಯ ಆವೃತ್ತಿಗೇ ಅಂಟಿಕೊಳ್ಳಬೇಕಾಯಿತು. ಜಿಸಿಸಿ ಒಳಗೇ ಸಿಸಿ0 ಎಂಬ ಹಳೆಯ ವ್ಯವಸ್ಥೆಯನ್ನು ಕಿತ್ತಾಗ ಎಂ68ಕೆ, ವ್ಯಾಕ್ಸ್ ಸಿಪಿಯುಗಳ ಬೆಂಬಲ ಉಳಿದದ್ದು ಯಾರೋ ಕೂತು ಬ್ಯಾಕೆಂಡ್ ತಿದ್ದಿದ್ದರಿಂದ. ಅಂಥವರಿಗೆ ಕೈ ಮುಗಿಯಬೇಕು. ನಿಮ್ಮ ಆರ್ಕಿಟೆಕ್ಚರಿನ ಬ್ಯಾಕೆಂಡಿಗೆ ಈಗ ಮೇಂಟೇನರ್ ಇದ್ದಾರೆಯೇ ಎಂದು ಹೊಸ ಆವೃತ್ತಿಗೆ ಹಾರುವ ಮೊದಲು ನೋಡಿಕೊಳ್ಳಿ.

ಬೇಸ್‌ಲೈನ್ ಮೇಲಕ್ಕೆ ಏರಿಸುವವರಿಗೂ ಒಂದು ಎಚ್ಚರ. ದಶಮಾಂಶ ಗಣಿತದ ಹಳೆಯ ಘಟಕ ಎಕ್ಸ್87 ಬಿಟ್ಟು ಎಸ್‌ಎಸ್‌ಇ2 ಗಣಿತಕ್ಕೆ ಬಂದರೆ ದಶಮಾಂಶದ ಕೊನೆಯ ಅಂಕಿಗಳು ಬದಲಾಗಬಹುದು, ಏಕೆಂದರೆ ಎಕ್ಸ್87 ಒಳಗೆ 80 ಬಿಟ್‌ನಲ್ಲಿ ಲೆಕ್ಕ ಹಾಕುತ್ತದೆ. ಎರಡು ಡಬಲ್ (64 ಬಿಟ್ ದಶಮಾಂಶ) ಮೌಲ್ಯಗಳನ್ನು ನೇರ ಸಮ ಎಂದು ಹೋಲಿಸುವ ಕೋಡ್ ಎಲ್ಲಿದೆಯೋ ಅದನ್ನು ಮೊದಲೇ ಹುಡುಕಿಡಿ.