ಗಾಳಿಗೂ ಒಂದು ಊರಿದೆ

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬೇಸಿಗೆಯ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ನಿಂತು ನೋಡಬೇಕು. ಊರ ಹುಣಸೆ ಮರಗಳಲ್ಲಿ ಗೂಡು ಕಟ್ಟಿರುವ ಬಣ್ಣದ ಕೊಕ್ಕರೆಗಳಲ್ಲೊಂದು ಕೊಂಬೆ ಬಿಟ್ಟು ಏಳುತ್ತದೆ. ಮೊದಲು ಅದಕ್ಕೆ ಕಷ್ಟದ ದುಡಿಮೆ. ರೆಕ್ಕೆ ಬಡಿದು ಬಡಿದು ಮನೆಗಳ ಸೂರು ದಾಟುತ್ತದೆ. ಊರಾಚೆಯ ಉತ್ತ ಹೊಲದ ಮೇಲೆ ಬಂದದ್ದೇ ತಡ, ಬಡಿತ ನಿಂತುಹೋಗುತ್ತದೆ. ರೆಕ್ಕೆಗಳನ್ನು ಹಲಗೆಯಂತೆ ಚಾಚಿ, ಒಂದು ಬದಿಗೆ ವಾಲಿ, ಸುತ್ತತೊಡಗುತ್ತದೆ. ಒಂದೊಂದು ಸುತ್ತಿಗೂ ಮೇಲೇರಿ ಕೊನೆಗೆ ಕತ್ತು ನೋಯುವಷ್ಟು ಎತ್ತರದಲ್ಲಿ ಒಂದು ಚುಕ್ಕೆಯಾಗುತ್ತದೆ.

ಬಿಸಿಲಿಗೆ ಕೆಂಪು ಮಣ್ಣಿನ ಬಯಲು ಪಕ್ಕದ ತೋಟಕ್ಕಿಂತ, ಕೆರೆಯ ನೀರಿಗಿಂತ ಬೇಗ ಕಾಯುತ್ತದೆ. ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ, ಹಗುರಾಗಿ, ನೆಲ ಬಿಟ್ಟು ಕಂಬದಂತೆ ಏಳುತ್ತದೆ. ಬೀಳು ಹೊಲದಲ್ಲಿ ತರಗೆಲೆ, ದೂಳು ಎತ್ತಿಕೊಂಡು ಓಡುವ ಸುಂಟರಗಾಳಿಯನ್ನು ನಾವೆಲ್ಲ ನೋಡಿದ್ದೇವೆ. ಎಷ್ಟೋ ಸಲ ಅದು ಇಂಥ ಕಂಬದ ಬುಡ. ತುದಿಯಲ್ಲಿ ಬಿಳಿ ಮೋಡ ಕಟ್ಟಿದರೆ ಅದೂ ಕಾಣುತ್ತದೆ. ನಡುವಿನ ಭಾಗ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾರಾಟ ಬಲ್ಲವರು ಇದನ್ನು ಥರ್ಮಲ್ ಎನ್ನುತ್ತಾರೆ.

ಗ್ಲೈಡರ್ ಮಾಡುವುದೂ ಕೊಕ್ಕರೆಯ ಕೆಲಸವನ್ನೇ. ಇನ್ನೊಂದು ವಿಮಾನ ಹಗ್ಗ ಕಟ್ಟಿ ಎಳೆದೊಯ್ದು ಬಿಟ್ಟ ಮೇಲೆ, ಎಂಜಿನ್ ಇಲ್ಲದ ಈ ಯಂತ್ರ ತನ್ನ ಸುತ್ತಲಿನ ಗಾಳಿಯಲ್ಲಿ ಸದಾ ಇಳಿಯುತ್ತಲೇ ಇರುತ್ತದೆ. ಸೆಕೆಂಡಿಗೆ ಸುಮಾರು ಮುಕ್ಕಾಲು ಮೀಟರ್. ಆ ಗಾಳಿಯೇ ಸೆಕೆಂಡಿಗೆ ಎರಡೂವರೆ ಮೀಟರ್ ಏರುತ್ತಿದ್ದರೆ ಗ್ಲೈಡರ್ ಒಂದೂಮುಕ್ಕಾಲು ಮೀಟರ್ ಮೇಲೇರುತ್ತದೆ. ಹೀಗೆ ಗಳಿಸಿದ ಎತ್ತರವನ್ನು ಆಮೇಲೆ ದೂರಕ್ಕೆ ಖರ್ಚು ಮಾಡಬೇಕು. ಒಂದು ಮೀಟರ್ ಇಳಿಯುವುದರೊಳಗೆ 40 ಮೀಟರ್ ಮುಂದೆ ಸಾಗುವ ಗ್ಲೈಡರ್ ಮಧುಗಿರಿಯ ಮೇಲೆ ಸಾವಿರ ಮೀಟರ್ ಎತ್ತರದಲ್ಲಿದ್ದರೆ, ಗಾಳಿ ಅಲುಗದ ದಿನ, ಲೆಕ್ಕದ ಪ್ರಕಾರ ತುಮಕೂರು ಮುಟ್ಟಬಹುದು. ಎದುರುಗಾಳಿ ಬೀಸಿದರೆ ಕೊರಟಗೆರೆಯ ಯಾವುದಾದರೂ ಹೊಲವೇ ಗತಿ.

ಭಾರತದಲ್ಲಿ ಗ್ಲೈಡಿಂಗ್ ಕಲಿಸುವ ಹಳೆಯ ಕೇಂದ್ರವೊಂದು ಪುಣೆಯ ಹಡಪ್ಸರ್‌ನಲ್ಲಿದೆ. ತುಮಕೂರಿನ ಹುಡುಗಿಯೊಬ್ಬಳು ಅಲ್ಲಿ ಕಲಿತು ಪರವಾನಗಿ ಪಡೆದಳೆಂದು ಇಟ್ಟುಕೊಳ್ಳೋಣ. ಅವಳಿಗೆ ಹೊರದೇಶದಲ್ಲಿ ಹಾರುವ ಆಸೆ. ಈ ಆಸೆ ಗ್ಲೈಡರ್ ಪೈಲಟ್‌ಗಳಲ್ಲಿ ಸಾಮಾನ್ಯ, ಅದಕ್ಕೆ ತಕ್ಕ ಕಾರಣವೂ ಇದೆ: ಅವರು ಒಳ್ಳೆಯ ಗಾಳಿಯನ್ನು ಹುಡುಕಿಕೊಂಡು ಹೋಗುವವರು.

ಒಳ್ಳೆಯ ಗಾಳಿ ಎಂದರೇನು? ಒಂದು ಸಣ್ಣ ಲೆಕ್ಕ ಮಾಡೋಣ. ಮೇಲೇರುವ ಗಾಳಿ, ಮೋಡವಾಗುವವರೆಗೆ, ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ ತಣ್ಣಗಾಗುತ್ತದೆ. ಅದರಲ್ಲಿರುವ ನೀರಾವಿ ಹನಿಗಟ್ಟಲು ಆರಂಭಿಸುವ ಉಷ್ಣಾಂಶಕ್ಕೆ ಇಬ್ಬನಿ ಬಿಂದು ಎಂದು ಹೆಸರು. ನೆಲದ ಬಳಿಯ ಉಷ್ಣಾಂಶದಲ್ಲಿ ಇಬ್ಬನಿ ಬಿಂದುವನ್ನು ಕಳೆದು, ಏರುತ್ತ ಏರುತ್ತ ಆ ಬಿಂದುವೂ ತುಸು ಇಳಿಯುವುದರಿಂದ ನೂರರ ಬದಲು 125ರಿಂದ ಗುಣಿಸಿದರೆ, ಮೋಡದ ತಳ ನೆಲದಿಂದ ಎಷ್ಟು ಮೀಟರ್ ಮೇಲಿದೆಯೆಂಬ ಅಂದಾಜು ಸಿಗುತ್ತದೆ. ಶಿರಾದ ಒಂದು ಮಧ್ಯಾಹ್ನ 35 ಡಿಗ್ರಿ ಬಿಸಿ, ಇಬ್ಬನಿ ಬಿಂದು 15 ಎನ್ನಿ: 2,500 ಮೀಟರ್. ಆಫ್ರಿಕಾದ ಕಲಹರಿ ಮರುಭೂಮಿಯ ಅಂಚಿನ ಒಣ ಗಾಳಿಯಲ್ಲಿ ಅದೇ 35 ಡಿಗ್ರಿಗೆ ಇಬ್ಬನಿ ಬಿಂದು ಸೊನ್ನೆ ಎನ್ನಿ: 4,375 ಮೀಟರ್. ಮೋಡ ಎತ್ತರವಿದ್ದಷ್ಟೂ ಒಂದು ಥರ್ಮಲ್‌ನಿಂದ ಮತ್ತೊಂದಕ್ಕೆ ದೂರದೂರ ಜಿಗಿಯಬಹುದು. ಆದ್ದರಿಂದಲೇ ಯುರೋಪಿನ ಪೈಲಟ್‌ಗಳು ತಮ್ಮ ಚಳಿಗಾಲದಲ್ಲಿ ಗ್ಲೈಡರ್‌ಗಳನ್ನು ಕಂಟೇನರ್‌ಗೆ ತುಂಬಿ ಆ ಮರುಭೂಮಿಯ ಅಂಚಿನಲ್ಲಿರುವ ನಮೀಬಿಯಾದ ಬಿಟರ್‌ವಾಸರ್‌ಗೆ ಹಡಗಿನಲ್ಲಿ ಕಳುಹಿಸುತ್ತಾರೆ. ಅಲ್ಲಿಂದ ಹಾರಿ ಮೊದಲ ಬಾರಿಗೆ ಸಾವಿರ ಕಿಲೋಮೀಟರ್ ಪೂರೈಸಿದವರು ಒಂದು ತಾಳೆಯ ಸಸಿ ನೆಡುವುದು ವಾಡಿಕೆ. ಹೀಗೆ ನೆಟ್ಟ ಮರಗಳೇ ಈಗ ಸಾಲುಮರಗಳಾಗಿ ನಿಂತಿವೆ. ಒಂದು ಹಗಲಿನ ಬಿಸಿಲನ್ನು ನೆನಪಿಡಲು ಇದಕ್ಕಿಂತ ಚೆಂದದ ದಾರಿ ನನಗೆ ತೋಚದು.

ಕಾಗದಪತ್ರದ ಸಂಗತಿ ಚಿಕ್ಕದು. ವಿಮಾನಯಾನದ ಬಗ್ಗೆ ದೇಶಗಳು ಮಾಡಿಕೊಂಡ 1944ರ ಶಿಕಾಗೊ ಒಪ್ಪಂದದ 32ನೇ ವಿಧಿಯ ತತ್ತ್ವವಿಷ್ಟೆ: ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶ ಕೊಟ್ಟ ಅಥವಾ ಮಾನ್ಯ ಮಾಡಿದ ಪರವಾನಗಿ ಪೈಲಟ್ ಬಳಿ ಇರಬೇಕು. ಹಾಗಾಗಿ ಹುಡುಗಿ ಮೊದಲು ಓದಬೇಕಾದದ್ದು ಗ್ಲೈಡರ್ ಮೇಲೆ ಬರೆದ ಅಕ್ಷರಗಳನ್ನು. ವಿಟಿ ಎಂದರೆ ನಮ್ಮದು, ಡಿ ಎಂದರೆ ಜರ್ಮನಿ, ಜೆಡ್‌ಕೆ ಎಂದರೆ ನ್ಯೂಜಿಲೆಂಡ್. ಮಾನ್ಯತೆ ಕೊಡುವ ಬಗೆ ದೇಶಕ್ಕೊಂದು. ಅಮೆರಿಕ ಹೊರದೇಶದ ಪರವಾನಗಿಯ ಆಧಾರದ ಮೇಲೆ ತನ್ನದೇ ಪ್ರಮಾಣಪತ್ರ ಕೊಡುತ್ತದೆ. ಇದನ್ನೆಲ್ಲ ಹೊರಡುವ ತಿಂಗಳುಗಳ ಮೊದಲೇ ಮುಗಿಸಿಕೊಂಡರೆ ಸಾಕು.

ಕಾಕ್‌ಪಿಟ್‌ನಲ್ಲಿ ಕೂತ ಮೇಲೆ ಅವಳಿಗೆ ಪರದೇಶವೆನಿಸುವುದಿಲ್ಲ. ಎಳೆಯುವ ಹಗ್ಗವನ್ನು ಬಿಡುವ ಹಿಡಿ ಹಳದಿ, ಬೇಗ ಕೆಳಗಿಳಿಸುವ ಏರ್‌ಬ್ರೇಕ್ ನೀಲಿ, ಮೂತಿಯನ್ನು ಬೇಕಾದ ಹದದಲ್ಲಿ ನಿಲ್ಲಿಸುವ ಟ್ರಿಮ್ ಹಸಿರು, ಆಪತ್ತಿನಲ್ಲಿ ಮೇಲಿನ ಗಾಜಿನ ಮುಚ್ಚಳವನ್ನು ಕಳಚುವ ಹಿಡಿ ಕೆಂಪು. ಭಾಷೆ ಬಾರದಿದ್ದರೂ ಕೈ ತಪ್ಪುವುದಿಲ್ಲ. ಕಣ್ಣೆದುರು, ಆ ಮುಚ್ಚಳದ ಹೊರಮೈಗೆ ಅಂಟಿಸಿದ ಗೇಣುದ್ದದ ಉಣ್ಣೆಯ ದಾರ. ಗಾಳಿ ನೇರವಾಗಿ ಎದುರಾದರೆ ದಾರ ನೆಟ್ಟಗೆ ಹಿಂದಕ್ಕೆ ಒರಗಿರುತ್ತದೆ. ಗ್ಲೈಡರ್ ಓರೆಯಾಗಿ ಜಾರಿದರೆ ಪಕ್ಕಕ್ಕೆ ಹೊರಳುತ್ತದೆ. ಲಕ್ಷಾಂತರ ರೂಪಾಯಿಯ ಯಂತ್ರದಲ್ಲಿ ಪೈಲಟ್ ಬಹುಪಾಲು ನಂಬುವುದು ಈ ದಾರವನ್ನು. ಥರ್ಮಲ್‌ಗೆ ಮೊದಲು ಹೊಕ್ಕವರು ಯಾವ ದಿಕ್ಕಿಗೆ ಸುತ್ತುತ್ತಿದ್ದಾರೋ ಆಮೇಲೆ ಬಂದವರೂ ಅದೇ ದಿಕ್ಕಿಗೆ ಸುತ್ತಬೇಕೆಂಬ ನಿಯಮವೂ ಎಲ್ಲ ಕಡೆ ಒಂದೇ.

ಮಾಪಕಗಳ ಮುಳ್ಳುಗಳು ಮಾತ್ರ ಮೋಸ ಮಾಡಬಲ್ಲವು. ಏರಿಕೆಯ ವೇಗ ತೋರಿಸುವ ವೇರಿಯೋಮೀಟರ್ ಕೆಲವು ದೇಶಗಳಲ್ಲಿ ಸೆಕೆಂಡಿಗೆ ಮೀಟರ್, ಇನ್ನು ಕೆಲವೆಡೆ ನಾಟ್. ಒಂದು ನಾಟ್ ಸೆಕೆಂಡಿಗೆ ಅರ್ಧ ಮೀಟರಿನಷ್ಟೆ. ನಾಲ್ಕು ಕಂಡು ಹಿಗ್ಗಿದರೆ ಸಿಕ್ಕಿರುವುದು ಎರಡು. ಇದಕ್ಕಿಂತ ಗಂಭೀರವಾದದ್ದು ಎತ್ತರಮಾಪಕ. ಅದು ನಿಜವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ಹಾರುವ ಮೊದಲು ಅದನ್ನು ತಮ್ಮ ಮೈದಾನಕ್ಕೆ ಸೊನ್ನೆ ಮಾಡಿಕೊಳ್ಳುವವರಿದ್ದಾರೆ, ಸಮುದ್ರಮಟ್ಟಕ್ಕೆ ಹೊಂದಿಸುವವರೂ ಇದ್ದಾರೆ. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಮೇಲಿದೆ. ಸಮುದ್ರಕ್ಕೆ ಹೊಂದಿಸಿದ ಮಾಪಕ ಇಲ್ಲಿ ಸಾವಿರ ತೋರಿಸುತ್ತಿದ್ದರೆ ಕಾಲಡಿಯ ಹೊಲ ಬರೀ 180 ಮೀಟರ್ ಕೆಳಗಿದೆ. ಸೊನ್ನೆಯ ಅಭ್ಯಾಸವಿದ್ದವರು ಆ ಸಾವಿರವನ್ನು ನಂಬಿದರೆ ಉಳಿಯುವ ಹೊತ್ತು ಬಹಳ ಕಡಿಮೆ.

ಗಾಳಿಯ ಪಾಠ ಇನ್ನೂ ಆಳವಾದದ್ದು. ಜರ್ಮನಿಯಲ್ಲಿ ಕಲಿತವರಿಗೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬೇಗ ಕಾಯುತ್ತದೆಂಬುದು ರಕ್ತಗತ. ನ್ಯೂಜಿಲೆಂಡಿನಲ್ಲಿ ನಡುಹಗಲ ಸೂರ್ಯ ಉತ್ತರದಲ್ಲಿರುತ್ತಾನೆ; ಅವರು ತಮ್ಮ ಲೆಕ್ಕವನ್ನು ತಲೆಕೆಳಗು ಮಾಡಿಕೊಳ್ಳಬೇಕು. ನಮ್ಮ ಹುಡುಗಿಗೆ ಇದು ಸ್ವಲ್ಪ ಸುಲಭ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ತುಮಕೂರಿನಲ್ಲೂ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಕಂಬದ ನೆರಳು ದಕ್ಷಿಣಕ್ಕೆ ಬೀಳುತ್ತದೆ.

ಆದರೆ ನ್ಯೂಜಿಲೆಂಡಿನ ಒಮರಾಮದಲ್ಲಿ ಅವಳು ಹೊಸದೊಂದನ್ನು ಎದುರಿಸುತ್ತಾಳೆ: ಗಾಳಿಯ ಅಲೆ. ಕಾಲುವೆಯ ನೀರು ಮುಳುಗಿದ ಕಲ್ಲಿನ ಮೇಲೆ ಹಾದಾಗ ಕಲ್ಲಿನ ಆಚೆ ಉಬ್ಬೊಂದು ಕದಲದೆ ನಿಲ್ಲುತ್ತದಲ್ಲ, ಹಾಗೆಯೇ ದಕ್ಷಿಣ ಆಲ್ಪ್ಸ್ ಬೆಟ್ಟಗಳನ್ನು ದಾಟಿದ ಜೋರು ವಾಯವ್ಯ ಗಾಳಿ ಆಚೆ ಬದಿಯಲ್ಲಿ ಅಲೆಗಳಾಗುತ್ತದೆ. ಅಲೆಯ ಏರುವ ಭಾಗ ನೆಲಕ್ಕೆ ಹೋಲಿಸಿದರೆ ಒಂದೇ ಜಾಗದಲ್ಲಿ ನಿಂತಿರುತ್ತದೆ. ಥರ್ಮಲ್‌ನಲ್ಲಿ ಪಳಗಿದ ಕೈ ಏರಿಕೆ ಸಿಕ್ಕೊಡನೆ ಸುತ್ತತೊಡಗುತ್ತದೆ. ಇಲ್ಲಿ ಸುತ್ತಿದರೆ ಗಾಳಿ ಗ್ಲೈಡರನ್ನು ಹಿಂದಕ್ಕೆ ಕೊಚ್ಚಿ ಅಲೆಯ ಇಳಿಯುವ ಭಾಗಕ್ಕೆ ದಬ್ಬುತ್ತದೆ. ಗಾಳಿಗೆ ಮೂತಿ ಕೊಟ್ಟು, ನಿಂತಲ್ಲೇ ನಿಂತಂತೆ ಹಾರಬೇಕು. ಇಷ್ಟು ದಿನ ಪ್ರಾಣ ಕಾಪಾಡಿದ ಅಭ್ಯಾಸವನ್ನೇ ಬಿಡಬೇಕಾದ ಆ ಗಳಿಗೆ ಪರದೇಶದ ಹಾರಾಟದಲ್ಲಿ ಅತ್ಯಂತ ಕಠಿಣವಾದದ್ದೆಂದು ನನ್ನ ಭಾವನೆ. ಕಲಿತವರಿಗೆ ಫಲವೂ ಅಷ್ಟೇ ದೊಡ್ಡದು. ಜರ್ಮನಿಯ ಕ್ಲಾಸ್ ಓಲ್ಮನ್ 2003ರ ಜನವರಿ 21ರಂದು ಅರ್ಜೆಂಟೀನಾದ ಆಂಡಿಸ್ ಪರ್ವತದ ಅಲೆಗಳ ಮೇಲೆ 3,009 ಕಿಲೋಮೀಟರ್ ಹಾರಿದರು. 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರ್ಲಾನ್ 2 ಗ್ಲೈಡರ್ ಅರ್ಜೆಂಟೀನಾದ್ದೇ ಆದ ಎಲ್ ಕಲಫಾತೆಯ ಬಳಿ 22 ಸಾವಿರ ಮೀಟರ್‌ಗೂ ಮೇಲೇರಿತು. ಎರಡೂ ಸಲ ಹಾರಿದವರು ಆ ಗಾಳಿಗೆ ಅತಿಥಿಗಳು.

ಇನ್ನು ನೆಲ. ಅದನ್ನು ನಮ್ಮ ಕಡೆಯಿಂದಲೇ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಹೊರದೇಶದ ಪೈಲಟ್ ಒಬ್ಬ ಚಿಕ್ಕಬಳ್ಳಾಪುರದ ಮೇಲೆ ಎತ್ತರ ಕಳೆದುಕೊಂಡನೆನ್ನಿ. ಕೆಳಗೆ ಸಮತಟ್ಟಾದ ಹಸಿರು ಹಾಸು. ಇಳಿಯಲು ಹೇಳಿ ಮಾಡಿಸಿದಂತಿದೆ. ಅದು ದ್ರಾಕ್ಷಿ ಚಪ್ಪರವೆಂದು, ಎಲೆಗಳ ಅಡಿಯಲ್ಲಿ ಆಳೆತ್ತರದ ಕಲ್ಲು ಕೂಚಗಳು ಸಾಲಾಗಿ ನಿಂತಿವೆಯೆಂದು, ಅವುಗಳ ಮೇಲೆ ತಂತಿ ಬಿಗಿದಿದೆಯೆಂದು ಅವನಿಗೆ ಹೇಳುವವರು ಯಾರು? ಕೋಲಾರದ ಬತ್ತಿದ ಕೆರೆಯಂಗಳ ಮೇಲಿನಿಂದ ಮೈದಾನದಂತೆ ಕಾಣುತ್ತದೆ. ಅಲ್ಲಿ ಹೂಳೆತ್ತಿದ ಗುಂಡಿಗಳಿವೆ, ಬಳ್ಳಾರಿ ಜಾಲಿಯಿದೆ. ನಮ್ಮೂರ ಹತ್ತು ವರ್ಷದ ಹುಡುಗನಿಗೂ ಗೊತ್ತಿರುವ ಸಂಗತಿ ಇದು. ಜರ್ಮನಿಗೆ ಹೋದ ನಮ್ಮ ಹುಡುಗಿಗೂ ಅಷ್ಟೇ: ಆಗಸ್ಟ್‌ನಲ್ಲಿ ನಯವಾಗಿ ಕಾಣುವ ಹಸಿರು ಆಳು ಮುಳುಗುವ ಮೆಕ್ಕೆಜೋಳವಾಗಿರಬಹುದು, ಪಕ್ಕದ ಗೋಧಿ ಕಟಾವಾದ ಕೂಳೆ ಹೊಲವೇ ಸುರಕ್ಷಿತ.

ಲಾಗ್‌ಬುಕ್ಕಿನಲ್ಲಿ ಸಾವಿರ ಗಂಟೆ ಇದ್ದರೂ ಹೊರಗಿನಿಂದ ಬಂದವರೊಡನೆ ಸ್ಥಳೀಯ ಬೋಧಕರು ಮೊದಲು ತಾವೂ ಕೂತು ಹಾರುವುದು ಇದಕ್ಕೇ. ಕೆಲವರು ಅದನ್ನು ಅಪನಂಬಿಕೆ ಎಂದುಕೊಳ್ಳುತ್ತಾರೆ. ನನಗೆ ಅದು ಮನೆಗೆ ಬಂದವರಿಗೆ ಬಾವಿ ಎಲ್ಲಿದೆ, ಹೊಸಿಲು ಎಷ್ಟು ಎತ್ತರವಿದೆ ಎಂದು ತೋರಿಸಿದಂತೆ ಕಾಣುತ್ತದೆ. ಅಂಥ ಹಾರಾಟದಲ್ಲಿ ಎಳೆಯುವ ವಿಮಾನದ ಹಿಂದೆ ಅರವತ್ತು ಎಪ್ಪತ್ತು ಮೀಟರ್ ಏರಿದಾಗ, ಹಿಂದಿನ ಸೀಟಿನ ಬೋಧಕರು ಸುಳಿವು ಕೊಡದೆ ಹಳದಿ ಹಿಡಿಯನ್ನು ಎಳೆದುಬಿಡುವುದುಂಟು. ಹಗ್ಗ ಕಳಚುತ್ತದೆ. ಹುಡುಗಿ ಮೂತಿ ತಗ್ಗಿಸಿ ವೇಗ ಉಳಿಸಿಕೊಳ್ಳುತ್ತಾಳೆ, ಉಣ್ಣೆಯ ದಾರ ನೆಟ್ಟಗಿದೆ. ಹಿಂದೆ ಕೂತವರು ಅವಳ ತಲೆಯನ್ನು ಗಮನಿಸುತ್ತಿರುತ್ತಾರೆ: ಹೊಲ ಹುಡುಕುತ್ತ ಅತ್ತಿತ್ತ ಹೊರಳುತ್ತದೆಯೋ, ಬೆಳಿಗ್ಗೆ ಅವಳೇ ನಡೆದು ನೋಡಿ ಬಂದ ಹೊಲದ ಕಡೆಗೆ ನೇರವಾಗಿ ತಿರುಗುತ್ತದೆಯೋ.