ಕಡ್ಡಾಯ ಪರವಾನಗಿ: ಮನೆ ತಪಾಸಣೆಗಾರನಿಗೆ ಸರ್ಕಾರದ ಅಪ್ಪಣೆ ಬೇಕೆ?

ಅಮೆರಿಕದ ನ್ಯೂಜೆರ್ಸಿಯಲ್ಲಿ ಮೊದಲ ಬಾರಿಗೆ ಮನೆ ಕೊಳ್ಳುತ್ತಿದ್ದ ಯುವ ದಂಪತಿ 385 ಡಾಲರ್ ಕೊಟ್ಟು ತಪಾಸಣೆಗಾರನೊಬ್ಬನಿಂದ ಮನೆಯನ್ನು ನೋಡಿಸಿದ್ದರು. ಮನೆ ಕೈಗೆ ಬಂದ ಮೇಲೆ ಮಾಡು ಸೋರಿತು. ಮಾಡಿನ ಸಂದುಗಳಲ್ಲಿ ನೀರು ಇಳಿಯದಂತೆ ಹೊದಿಸಬೇಕಾದ ತಗಡನ್ನು ಕಟ್ಟಿದವರು ಹಾಕಿರಲೇ ಇಲ್ಲ. ದುರಸ್ತಿಗೆ ಎಂಟರಿಂದ ಹತ್ತು ಸಾವಿರ ಡಾಲರ್ ಬೇಕೆಂದು ಅಂದಾಜಾಯಿತು. ವ್ಯಾಜ್ಯ ನ್ಯಾಯಾಲಯಕ್ಕೆ ಹೋದಾಗ ಎದುರಿಗೆ ಬಂದು ನಿಂತದ್ದು ಅವರು ಸಹಿ ಮಾಡಿದ್ದ ಕರಾರು ಪತ್ರದ ಒಂದು ಸಾಲು. ತಪಾಸಣೆಯಲ್ಲಿ ತಪ್ಪಾದರೆ ಕೊಡಬೇಕಾದ ಪರಿಹಾರ 500 ಡಾಲರ್ ಅಥವಾ ಶುಲ್ಕದ ಅರ್ಧ, ಯಾವುದು ಕಡಿಮೆಯೋ ಅಷ್ಟು. ಲೆಕ್ಕ ಹಾಕಿದರೆ 192 ಡಾಲರ್ 50 ಸೆಂಟ್. ಕೆಳಗಿನ ನ್ಯಾಯಾಲಯ ಆ ಸಾಲನ್ನು ಎತ್ತಿಹಿಡಿಯಿತು.

ಮನೆ ತಪಾಸಣೆಗಾರರಿಗೆ ಪರವಾನಗಿಯನ್ನು ಕಡ್ಡಾಯ ಮಾಡಬೇಕೆ ಎಂಬ ಚರ್ಚೆ ಅಮೆರಿಕದ ರಾಜ್ಯಗಳಲ್ಲಿ ಸುಮಾರು ನಾಲ್ಕು ದಶಕಗಳಿಂದ ನಡೆಯುತ್ತಿದೆ. ತರಬೇತಿ ಎಷ್ಟು ಗಂಟೆ, ಪರೀಕ್ಷೆ ಎಷ್ಟು ಕಠಿಣ, ಶುಲ್ಕ ಎಷ್ಟು ಎಂಬುದರ ಸುತ್ತಲೇ ಮಾತು ಸುತ್ತುತ್ತದೆ. ಸೋರುವ ಮಾಡಿನ ಕೆಳಗೆ ಕುಳಿತವರಿಗೆ ಬೇಕಾದ ಉತ್ತರ ಆ 192 ಡಾಲರಿನ ಸಾಲಿನಲ್ಲಿದೆ. ಆದ್ದರಿಂದಲೇ ಪರವಾನಗಿ ಎಂಬ ಪದವನ್ನು ಅಲ್ಲಿಂದ ಪರಿಚಯಿಸಲು ಹೊರಟಿದ್ದೇನೆ.

ಪರವಾನಗಿ ಪಾರಸಿ ಮೂಲದ ಮಾತು. ಪರವಾನಿಗೆ ಎಂದು ಬರೆಯುವವರೂ ಉಂಟು. ಅಪ್ಪಣೆ ಎಂಬುದು ಅದರ ತಿರುಳು. ಲೈಸೆನ್ಸ್ ಎಂಬುದರ ಲ್ಯಾಟಿನ್ ಬೇರಿನಲ್ಲಿಯೂ ಇರುವುದು ಅದೇ ಅರ್ಥ. ಅಪ್ಪಣೆ ಬೇಕು ಎಂದರೆ ಅಪ್ಪಣೆಯಿಲ್ಲದೆ ಮಾಡುವುದು ಅಪರಾಧ ಎಂದಾಯಿತು. ಈ ಎರಡನೆಯ ಅರ್ಥವನ್ನು ನಾವು ಮರೆಯುತ್ತೇವೆ. ನೋಂದಣಿ, ಪ್ರಮಾಣಪತ್ರ, ಪರವಾನಗಿ ಮೂರನ್ನೂ ಒಂದೇ ಎಂಬಂತೆ ಬಳಸುತ್ತೇವೆ.

ಮೂರಕ್ಕೂ ಇರುವ ಅಂತರವನ್ನು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ 1962ರಲ್ಲಿ ಸ್ಪಷ್ಟವಾಗಿ ಬಿಡಿಸಿಟ್ಟರು. ನೋಂದಣಿ ಎಂದರೆ ಈ ಕೆಲಸ ಮಾಡುವವರು ಒಂದು ಪಟ್ಟಿಯಲ್ಲಿ ಹೆಸರು ಬರೆಸಬೇಕು, ಅಷ್ಟೇ. ಪ್ರಮಾಣಪತ್ರದಲ್ಲಿ ಈತನಿಗೆ ಇಷ್ಟು ತಿಳಿದಿದೆ ಎಂದು ಒಂದು ಸಂಸ್ಥೆ ಹೇಳುತ್ತದೆ, ಆದರೆ ಅದಿಲ್ಲದವರೂ ಆ ಕೆಲಸ ಮಾಡಬಹುದು. ಪರವಾನಗಿ ಇಲ್ಲದವರು ಮಾಡುವಂತೆಯೇ ಇಲ್ಲ. ನಮ್ಮ ಚಿನ್ನದಂಗಡಿಗಳನ್ನು ನೆನೆದರೆ ಇದು ಬೇಗ ತಿಳಿಯುತ್ತದೆ. ಭಾರತದಲ್ಲಿ ಹಾಲ್‌ಮಾರ್ಕ್ 2000ದಲ್ಲಿ ಶುರುವಾದಾಗ ಅದು ಅಂಗಡಿಯವರ ಇಚ್ಛೆಗೆ ಬಿಟ್ಟದ್ದಾಗಿತ್ತು. ಗುರುತಿರುವ ಒಡವೆ, ಗುರುತಿಲ್ಲದ ಒಡವೆ ಎರಡೂ ಮಾರಾಟಕ್ಕಿದ್ದವು, ಆಯ್ಕೆ ಕೊಳ್ಳುವವರದು. 2021ರ ಜೂನ್‌ನಿಂದ ಹಂತ ಹಂತವಾಗಿ ಅದು ಕಡ್ಡಾಯವಾಯಿತು. ಅಲ್ಲಿ ಮುದ್ರೆ ಬೀಳುವುದು ವಸ್ತುವಿನ ಮೇಲೆ. ಪರವಾನಗಿಯ ಮುದ್ರೆ ಬೀಳುವುದು ಮನುಷ್ಯನ ಮೇಲೆ, ಅವನ ಅನ್ನದ ದಾರಿಯ ಮೇಲೆ. ಫ್ರೀಡ್ಮನ್ ವೈದ್ಯರಿಗೂ ಪರವಾನಗಿ ಬೇಡ, ಪ್ರಮಾಣಪತ್ರ ಸಾಕು ಎನ್ನುವವರೆಗೆ ಹೋದರು. ಅಷ್ಟು ದೂರ ನಾನು ಹೋಗಲಾರೆ. ಆದರೆ ಅವರು ಎಳೆದ ಗೆರೆ ಈ ಚರ್ಚೆಯಲ್ಲಿ ಬಹಳ ಉಪಯುಕ್ತ.

ಇನ್ನು ಮನೆ ತಪಾಸಣೆ ಎಂದರೇನು? ಅಮೆರಿಕದಲ್ಲಿ ಹಳೆಯ ಮನೆಗೆ ಬೆಲೆ ಒಪ್ಪಿಗೆಯಾದ ಮೇಲೆ, ಮಾರಾಟ ಪೂರ್ತಿಯಾಗುವ ಮೊದಲು, ಕೊಳ್ಳುವವರು ಒಬ್ಬರನ್ನು ಕರೆಸಿ ಮನೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿಸುತ್ತಾರೆ. ಎರಡು ಮೂರು ಗಂಟೆಗಳ ಕೆಲಸ. ಏಣಿ ಹಾಕಿ ಮಾಡು ನೋಡುತ್ತಾರೆ, ನೆಲದಡಿಯ ಇಕ್ಕಟ್ಟಿನಲ್ಲಿ ತೆವಳಿ ತಳಪಾಯ ನೋಡುತ್ತಾರೆ, ಗೋಡೆಗೆ ತೇವಮಾಪಕ ಹಿಡಿಯುತ್ತಾರೆ, ವಿದ್ಯುತ್ ಪೆಟ್ಟಿಗೆಯ ಮುಚ್ಚಳ ತೆಗೆದು ತಂತಿಗಳನ್ನು ಪರಿಶೀಲಿಸುತ್ತಾರೆ. 1965ರಿಂದ 1973ರ ನಡುವೆ ಕಟ್ಟಿದ ಅನೇಕ ಮನೆಗಳಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಎಳೆದಿದ್ದಾರೆ. ಜೋಡಣೆಯ ಜಾಗದಲ್ಲಿ ಅದು ಸಡಿಲವಾಗಿ, ಬಿಸಿಯೇರಿ, ಬೆಂಕಿಗೆ ಕಾರಣವಾಗುತ್ತದೆ. ಪಾಲಿಬ್ಯೂಟಿಲೀನ್ ಎಂಬ ಬೂದು ಬಣ್ಣದ ನೀರಿನ ಕೊಳವೆ ಇದ್ದರೆ ಅದು ಹೇಳದೆ ಕೇಳದೆ ಒಡೆಯಬಹುದು. ಇವನ್ನು ಗುರುತಿಸಲು ಕಣ್ಣು ಪಳಗಿರಬೇಕು. ಆದರೆ ಗೋಡೆ ಒಡೆಯುವಂತಿಲ್ಲ, ನೆಲ ಕೀಳುವಂತಿಲ್ಲ, ಕಾಣುವುದನ್ನು ಮಾತ್ರ ನೋಡಿ ವರದಿ ಬರೆಯಬೇಕು. ಕಾಣಬೇಕಾಗಿದ್ದದ್ದು ಎಲ್ಲಿಗೆ ಮುಗಿಯುತ್ತದೆ, ಕಾಣಲಾಗದ್ದು ಎಲ್ಲಿಂದ ಶುರುವಾಗುತ್ತದೆ ಎಂಬುದೇ ಮುಂದಿನ ಜಗಳಗಳ ಮೂಲ.

ಈ ವೃತ್ತಿಗೆ ದೊಡ್ಡ ವಯಸ್ಸೇನಿಲ್ಲ. ತಪಾಸಣೆಗಾರರ ಮೊದಲ ರಾಷ್ಟ್ರೀಯ ಸಂಘ ಆಶಿ ಹುಟ್ಟಿದ್ದು 1976ರಲ್ಲಿ. ಅದೇ ವರ್ಷ ಕ್ಯಾಲಿಫೋರ್ನಿಯಾದ ಡಯಾಬ್ಲೊ ಎಂಬಲ್ಲಿ 1,70,000 ಡಾಲರಿಗೆ ಮನೆಯೊಂದು ಮಾರಾಟವಾಯಿತು. ಅದು ಮಣ್ಣು ತುಂಬಿದ ನೆಲದ ಮೇಲಿದ್ದ ಮನೆ. ಕೊಂಡ ಸ್ವಲ್ಪ ದಿನಕ್ಕೆ ನೆಲ ಜರುಗಿತು. ಮಾರಾಟದ ದಲ್ಲಾಳಿಗಳಲ್ಲಿ ಒಬ್ಬರಿಗೆ ಹಿಂದೆ ಕುಸಿತ ತಡೆಯಲು ಇಳಿಜಾರಿಗೆ ಬಲೆ ಹೊದಿಸಿದ್ದು ಗೊತ್ತಿತ್ತು. ಇನ್ನೊಬ್ಬರು ಅತಿಥಿಗೃಹದ ನೆಲ ವಾಲಿದ್ದನ್ನು ಕಂಡಿದ್ದರು. ಇಬ್ಬರೂ ಮುಂದಕ್ಕೆ ವಿಚಾರಿಸಲಿಲ್ಲ. 1984ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಮನೆಯನ್ನು ಕಣ್ಣಾರೆ ಪರೀಕ್ಷಿಸಿ ದೋಷವನ್ನು ಕೊಳ್ಳುವವರಿಗೆ ತಿಳಿಸುವುದು ದಲ್ಲಾಳಿಯ ಹೊಣೆ ಎಂದಿತು. ದಲ್ಲಾಳಿಗಳು ಎಚ್ಚರಗೊಂಡರು. ಆ ಹೊಣೆಯ ಭಾರವನ್ನು ಹಂಚಿಕೊಳ್ಳಲು ಬೇರೊಬ್ಬ ಬೇಕಾಯಿತು. ತಪಾಸಣೆಗಾರನನ್ನು ಕರೆಸಿ ಎಂದು ಗಿರಾಕಿಗಳಿಗೆ ಅವರೇ ಹೇಳತೊಡಗಿದರು.

ಮುಂದಿನದನ್ನೆಲ್ಲ ತಿಳಿಯಲು ಈ ಹುಟ್ಟಿನ ಕಥೆ ನೆನಪಿರಬೇಕು. ತಪಾಸಣೆಗಾರನಿಗೆ ಹಣ ಕೊಡುವವರು ಕೊಳ್ಳುವವರು. ಅವನಿಗೆ ಕೆಲಸ ತಂದುಕೊಡುವವರು ದಲ್ಲಾಳಿಗಳು. ಮನೆ ಕೊಳ್ಳುವವರು ಜೀವಮಾನದಲ್ಲಿ ಒಂದೆರಡು ಸಲ ಕೊಳ್ಳುತ್ತಾರೆ, ದಲ್ಲಾಳಿ ತಿಂಗಳಿಗೆ ಹಲವು ಮನೆ ಮಾರಬಹುದು. ಕಟ್ಟುನಿಟ್ಟಾಗಿ ವರದಿ ಬರೆಯುವ ತಪಾಸಣೆಗಾರನಿಗೆ ದಲ್ಲಾಳಿಗಳ ನಡುವೆ ‘ಡೀಲ್ ಕಿಲ್ಲರ್’ ಎಂಬ ಹೆಸರು ಬೀಳುತ್ತದೆ, ಕುದುರಿದ ವ್ಯಾಪಾರವನ್ನು ಕೆಡಿಸುವವನು ಎಂದು. ಆ ಹೆಸರು ಬಿದ್ದವನ ಫೋನ್ ಮುಂದಿನ ತಿಂಗಳು ರಿಂಗಾಗುವುದಿಲ್ಲ.

ಟೆಕ್ಸಾಸ್ 1985ರಲ್ಲಿಯೇ ಈ ವೃತ್ತಿಯನ್ನು ಕಾನೂನಿನ ಹಿಡಿತಕ್ಕೆ ತಂದಿತು, ಎಲ್ಲ ರಾಜ್ಯಗಳಿಗಿಂತ ಮೊದಲು. ಆದರೆ ಮೇಲ್ವಿಚಾರಣೆಯನ್ನು ಒಪ್ಪಿಸಿದ್ದು ದಲ್ಲಾಳಿಗಳಿಗೆ ಪರವಾನಗಿ ಕೊಡುವ ಆಯೋಗಕ್ಕೇ. ನ್ಯೂಜೆರ್ಸಿಯ ಕಾನೂನು 1998ರದು, ನ್ಯೂಯಾರ್ಕಿನದು 2004ರದು. ಇಂದು ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಒಂದಿಲ್ಲೊಂದು ರೀತಿಯ ನಿಯಂತ್ರಣವಿದೆ. ಕ್ಯಾಲಿಫೋರ್ನಿಯಾ, ಕೊಲರಾಡೊ, ಮಿಷಿಗನ್, ಜಾರ್ಜಿಯಾಗಳಲ್ಲಿ ಪರವಾನಗಿಯಿಲ್ಲ. ಪೆನ್ಸಿಲ್ವೇನಿಯಾ 2000ದಲ್ಲಿ ನಡುದಾರಿ ಹಿಡಿಯಿತು: ಸರ್ಕಾರ ಚೀಟಿ ಕೊಡುವುದಿಲ್ಲ, ಆದರೆ ತಪಾಸಣೆಗಾರ ರಾಷ್ಟ್ರೀಯ ಸಂಘವೊಂದರ ಸದಸ್ಯನಾಗಿರಬೇಕು, ವಿಮೆ ಹೊಂದಿರಬೇಕು. ಕಾನ್ಸಾಸ್ 2008ರಲ್ಲಿ ನೋಂದಣಿ ಕಾನೂನು ತಂದು, 2013ರಲ್ಲಿ ಅದರ ಅವಧಿ ಮುಗಿದಾಗ ಮುಂದುವರಿಸದೆ ಬಿಟ್ಟುಬಿಟ್ಟಿತು.

ಪರವಾನಗಿ ಬೇಕು ಎನ್ನುವವರ ವಾದದಲ್ಲಿ ನನಗೆ ಬಲವಾಗಿ ಕಾಣುವುದು ಪರೀಕ್ಷೆಯ ಮಾತಿಗಿಂತ ಕಿತ್ತುಕೊಳ್ಳುವ ಅಧಿಕಾರದ ಮಾತು. ಖಾಸಗಿ ಸಂಘ ಒಬ್ಬನನ್ನು ಹೊರಹಾಕಿದರೆ ಅವನು ಇನ್ನೊಂದು ಸಂಘ ಸೇರಬಹುದು, ಯಾವುದನ್ನೂ ಸೇರದೆ ಕೆಲಸ ಮುಂದುವರಿಸಬಹುದು. ಪರವಾನಗಿ ಹೋದವನು ಆ ರಾಜ್ಯದಲ್ಲಿ ಏಣಿ ಹತ್ತುವಂತಿಲ್ಲ. ಇನ್ನೊಂದು ಸಂಗತಿಯೂ ಇದೆ. ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ್ದು ಮಾರುಕಟ್ಟೆಯನ್ನು ಹೇಗೆ ಕೆಡಿಸುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. ಆ ಕತ್ತಲೆಯನ್ನು ನೀಗಿಸಲೆಂದೇ ತಪಾಸಣೆಗಾರನನ್ನು ಕರೆಸುವುದು. ಆದರೆ ಅವನ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬುದೂ ಕೊಳ್ಳುವವರಿಗೆ ಕತ್ತಲೆಯೇ. ಮಳೆಗಾಲ ಬರುವವರೆಗೆ ತಿಳಿಯುವುದಿಲ್ಲ.

ಬೇಡ ಎನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಇಲಿನಾಯ್ ರಾಜ್ಯದಲ್ಲಿ ಪರವಾನಗಿಗೆ 60 ಗಂಟೆಗಳ ತರಬೇತಿ ಸಾಕು, ನ್ಯೂಯಾರ್ಕಿನಲ್ಲಿ 140, ನ್ಯೂಜೆರ್ಸಿಯಲ್ಲಿ 180. ತಪಾಸಣೆ ಮಾಡುವ ಮಾಡು, ತಂತಿ, ಕೊಳವೆಗಳು ಬಹುತೇಕ ಒಂದೇ ಬಗೆಯವು. ಮೂರು ಪಟ್ಟು ಗಂಟೆಗಳ ಈ ಅಂತರ ಎಲ್ಲಿಂದ ಬಂತು ಎಂದು ಅವರು ಕೇಳುತ್ತಾರೆ, ಸರಿಯಾಗಿಯೇ ಕೇಳುತ್ತಾರೆ. ಹೊಸ ಕಾನೂನು ಬಂದಾಗ ಮೊದಲೇ ಕೆಲಸದಲ್ಲಿರುವವರಿಗೆ ಸಾಮಾನ್ಯವಾಗಿ ರಿಯಾಯಿತಿ ಸಿಗುತ್ತದೆ, ಹೊಸಬರಿಗೆ ಮಾತ್ರ ಬಾಗಿಲು ಕಿರಿದಾಗುತ್ತದೆ. ವೃತ್ತಿಯವರೇ ಕುಳಿತ ಮಂಡಳಿಗಳು ಪೈಪೋಟಿಯನ್ನು ಹತ್ತಿಕ್ಕಿದ ಉದಾಹರಣೆಯೂ ಇದೆ. ನಾರ್ತ್ ಕೆರೊಲಿನಾದ ದಂತವೈದ್ಯ ಮಂಡಳಿ, ಹಲ್ಲು ಬಿಳುಪು ಮಾಡುತ್ತಿದ್ದ ಇತರರನ್ನು ತಡೆದದ್ದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2015ರಲ್ಲಿ ಮಂಡಳಿ ಸೋತಿತು. ಅದೇ ವರ್ಷ ಶ್ವೇತಭವನದ ವರದಿಯೊಂದು ಅಮೆರಿಕದ ದುಡಿಯುವವರಲ್ಲಿ ಕಾಲು ಭಾಗದಷ್ಟು ಜನರಿಗೆ ಈಗ ಪರವಾನಗಿ ಬೇಕಾಗಿದೆ ಎಂದು ಹೇಳಿ, ಅದನ್ನು ಕಡಿಮೆ ಮಾಡುವ ದಾರಿಗಳನ್ನು ಸೂಚಿಸಿತು.

ಈಗ ಆ ದಂಪತಿಯ ಕರಾರಿಗೆ ಮರಳುತ್ತೇನೆ. 2004ರಲ್ಲಿ ನ್ಯೂಜೆರ್ಸಿಯ ಮೇಲ್ಮನವಿ ನ್ಯಾಯಾಲಯ ಕೆಳಗಿನ ತೀರ್ಪನ್ನು ತಿರುಗಿಸಿತು. ಮೊದಲೇ ಅಚ್ಚು ಹಾಕಿಟ್ಟ, ಚೌಕಾಸಿಗೆ ಎಡೆಯಿಲ್ಲದ ಕರಾರಿನಲ್ಲಿ ಹೊಣೆಯನ್ನು ಹೆಸರಿಗಷ್ಟೇ ಉಳಿಸುವ ಅಂಥ ಸಾಲು ಸಾರ್ವಜನಿಕ ಹಿತಕ್ಕೆ ವಿರುದ್ಧವಾದದ್ದು, ಅದು ನಿಲ್ಲುವುದಿಲ್ಲ ಎಂದಿತು. ಆ ರಾಜ್ಯದ ಪರವಾನಗಿ ಕಾನೂನು ತಪಾಸಣೆಗಾರರು ಒಂದೊಂದು ಪ್ರಕರಣಕ್ಕೆ ಕನಿಷ್ಠ 5,00,000 ಡಾಲರ್ ವಿಮೆ ಹೊಂದಿರಬೇಕು ಎನ್ನುತ್ತದೆ. ಅಷ್ಟು ದೊಡ್ಡ ವಿಮೆ ಹೊಂದಿರಬೇಕೆಂದು ಹೇಳಿ, ಹೊಣೆ 192 ಡಾಲರ್ ಎಂದರೆ ಆ ವಿಮೆಗೆ ಅರ್ಥವೇನು?

ಅತ್ತ ಪರವಾನಗಿಯೇ ಇಲ್ಲದ ಕ್ಯಾಲಿಫೋರ್ನಿಯಾವನ್ನು ನೋಡಿ. ಅಲ್ಲಿ ಯಾರು ಬೇಕಾದರೂ ತಪಾಸಣೆಗಾರರೆಂದು ಫಲಕ ಹಾಕಬಹುದು. ಆದರೆ 1996ರ ಕಾನೂನಿನ ಪ್ರಕಾರ, ತಪಾಸಣೆ ಮಾಡಿದವರು ಮುಂದಿನ ಹನ್ನೆರಡು ತಿಂಗಳು ಅದೇ ಮನೆಯ ದುರಸ್ತಿಯನ್ನು ಹಣಕ್ಕೆ ಹಿಡಿಯುವಂತಿಲ್ಲ, ಇಲ್ಲದ ದೋಷ ಬರೆದು ತಾವೇ ಸರಿಪಡಿಸುವ ಆಸೆಗೆ ಅಲ್ಲಿಗೆ ಬೇಲಿ ಬಿತ್ತು. ಗಿರಾಕಿಯನ್ನು ಕಳಿಸಿದ್ದಕ್ಕೆ ದಲ್ಲಾಳಿಗೆ ಕಮಿಷನ್ ಕೊಡುವಂತಿಲ್ಲ. ಹೊಣೆಯನ್ನು ತಪಾಸಣೆಯ ಶುಲ್ಕಕ್ಕೆ ಸೀಮಿತಗೊಳಿಸುವ ಕರಾರು ಅಸಿಂಧು. ನ್ಯೂಜೆರ್ಸಿಯ ನ್ಯಾಯಾಲಯ ವ್ಯಾಜ್ಯದ ಕೊನೆಗೆ ಹೇಳಿದ್ದನ್ನು ಇಲ್ಲಿ ಶಾಸನ ಮೊದಲೇ ಬರೆದಿಟ್ಟಿದೆ.

ಈ ಎರಡು ರಾಜ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ನನ್ನ ಮನಸ್ಸು ಒಂದು ಕಡೆ ನಿಂತಿದೆ. ವಿಮೆ, ದಲ್ಲಾಳಿಯಿಂದ ದೂರ, ಕರಾರಿನ ಸಾಲಿಗೆ ಕಡಿವಾಣ, ಈ ಮೂರರ ಜೊತೆಗೆ ಬರುವ ಪರವಾನಗಿಯನ್ನು ನಾನು ಒಪ್ಪುತ್ತೇನೆ. ಪರೀಕ್ಷೆ, ಶುಲ್ಕ, ಚೀಟಿಗಳಲ್ಲೇ ಮುಗಿಯುವ ಪರವಾನಗಿ ಕೊಳ್ಳುವವರಿಗೆ ಹುಸಿ ಧೈರ್ಯ ಕೊಡುತ್ತದೆ. ಸರ್ಕಾರವೇ ಒಪ್ಪಿದ ಮನುಷ್ಯ ಎಂದುಕೊಂಡು ಅವರು ಕರಾರನ್ನು ಓದದೆ ಸಹಿ ಹಾಕುತ್ತಾರೆ.

ತಪಾಸಣೆಯನ್ನೇ ಬಿಟ್ಟುಕೊಡುವ ಸಮಸ್ಯೆ ಇನ್ನೂ ಹೊಸದು. ಕೋವಿಡ್ ನಂತರ ಮನೆಗಳಿಗೆ ನೂಕುನುಗ್ಗಲಾದಾಗ, ತಪಾಸಣೆ ಬೇಡ, ಹಾಗೆಯೇ ಕೊಳ್ಳುತ್ತೇವೆ ಎಂದವರಿಗೆ ಮನೆ ಸಿಕ್ಕಿತು. ಪರವಾನಗಿಯುಳ್ಳ ತಪಾಸಣೆಗಾರ ಇದ್ದರೂ ಅವನನ್ನು ಕರೆಯುವವರಿಲ್ಲ. ಮ್ಯಾಸಚೂಸೆಟ್ಸ್ ಇದಕ್ಕೆ ನೇರವಾಗಿ ಕೈಹಾಕಿದೆ. 2025ರ ಅಕ್ಟೋಬರ್‌ನಿಂದ ಅಲ್ಲಿ ತಪಾಸಣೆ ಬಿಟ್ಟುಕೊಡಬೇಕು ಎಂಬ ಷರತ್ತನ್ನು ಮಾರುವವರು ಹಾಕುವಂತಿಲ್ಲ. ಮಾರುವವರ ಪರವಾದ ದಲ್ಲಾಳಿ ಇಂಥವರನ್ನೇ ಕರೆಸಿ ಎಂದು ಒಬ್ಬ ತಪಾಸಣೆಗಾರನ ಹೆಸರು ಹೇಳಬಾರದು ಎಂಬ ನಿಯಮ ಆ ರಾಜ್ಯದಲ್ಲಿ ಮೊದಲಿನಿಂದಲೇ ಇದೆ.

ನಮ್ಮಲ್ಲಿ ರೇರಾ, ಅಂದರೆ 2016ರ ರಿಯಲ್ ಎಸ್ಟೇಟ್ ಕಾಯ್ದೆ, ದಲ್ಲಾಳಿಗಳಿಗೆ ನೋಂದಣಿ ಕಡ್ಡಾಯ ಮಾಡಿದೆ. ಫ್ರೀಡ್ಮನ್ ಗೆರೆಯಲ್ಲಿ ಅದು ಮೊದಲ ಮೆಟ್ಟಿಲು. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ, ಸ್ವಾಧೀನ ಪಡೆದ ಐದು ವರ್ಷಗಳೊಳಗೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಐದು ವರ್ಷ ದಾಟಿದ ಫ್ಲ್ಯಾಟನ್ನು ಮರುಮಾರಾಟದಲ್ಲಿ ಕೊಳ್ಳುವವರಿಗೆ ಆ ಆಸರೆ ಇಲ್ಲ. ಬೆಂಗಳೂರಿನಲ್ಲಿ ಮನೆ ತಪಾಸಣೆ ಮಾಡಿಕೊಡುವ ಖಾಸಗಿ ಸಂಸ್ಥೆಗಳಿವೆ, ತೇವಮಾಪಕ, ಉಷ್ಣಚಿತ್ರ ಕ್ಯಾಮೆರಾಗಳನ್ನು ಹಿಡಿದು ಬರುತ್ತವೆ. ಈ ವೃತ್ತಿಗೆಂದೇ ಪ್ರತ್ಯೇಕ ಪರವಾನಗಿ ನಮ್ಮಲ್ಲಿಲ್ಲ. ಹಾಗಾಗಿ ಇಲ್ಲಿಯೂ ಎಲ್ಲವೂ ಕರಾರಿನ ಮೇಲೆಯೇ ನಿಂತಿದೆ. ಹೊಣೆ ನಾವು ಪಡೆದ ಶುಲ್ಕದಷ್ಟು ಮಾತ್ರ ಎಂಬ ಸಾಲು ಅದರಲ್ಲಿ ಕಂಡರೆ, ಸಹಿ ಮಾಡುವ ಮೊದಲೇ ತೆಗೆಸಲು ಕೇಳಿ. ಸಹಿ ಮಾಡಿಯಾಗಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಕರಾರು’ ಎಂಬ ಪರಿಕಲ್ಪನೆ ಇದೆ. ಅದರಡಿ ಇಂಥ ಸಾಲನ್ನು ಪ್ರಶ್ನಿಸಲು ಹೋಗಬೇಕಾದದ್ದು ಜಿಲ್ಲಾ ಆಯೋಗಕ್ಕಲ್ಲ, ಬೆಂಗಳೂರಿನಲ್ಲಿರುವ ರಾಜ್ಯ ಗ್ರಾಹಕ ಆಯೋಗಕ್ಕೆ.