ಹಡಗು ನಮ್ಮವರದ್ದೋ, ಶತ್ರುಗಳದ್ದೋ?

1780ರ ಡಿಸೆಂಬರ್ 31, ಭಾನುವಾರ ಬೆಳಗ್ಗೆ ಎಂಟು ಗಂಟೆ. ರಿಚ್ಮಂಡ್‌ನಲ್ಲಿದ್ದ ವರ್ಜೀನಿಯಾ ಗವರ್ನರ್ ಥಾಮಸ್ ಜೆಫರ್ಸನ್ ಕೈಗೆ ಒಂದು ಪತ್ರ ಬಂತು. ಚೆಸಪೀಕ್ ಕೊಲ್ಲಿಯಲ್ಲಿ 27 ಹಡಗು ಕಂಡಿವೆ ಅಂತ ಅದರಲ್ಲಿತ್ತು. ಯಾರ ಹಡಗು? ಅದೇ ಇರಲಿಲ್ಲ. ಅಮೆರಿಕ ಕ್ರಾಂತಿಯಲ್ಲಿ ಫ್ರೆಂಚರು ಇವರ ಮಿತ್ರರು, ಅವರ ನೌಕೆಗಳೇ ಬಂದಿರಬಹುದಲ್ವಾ? ಪತ್ರವೂ ಗವರ್ನರ್‌ಗೆ ಬರೆದದ್ದಲ್ಲ. ಯಾರೋ ಒಬ್ಬರು ಮಿಲಿಷಿಯಾ (ಬೇಕಾದಾಗ ಕರೆಯುವ ನಾಗರಿಕರ ಪಡೆ) ಜನರಲ್ ಥಾಮಸ್ ನೆಲ್ಸನ್‌ಗೆ ಬರೆದದ್ದು.

ಜೆಫರ್ಸನ್ ನೆಲ್ಸನ್‌ರನ್ನು ಕರಾವಳಿ ಕಡೆ ಕಳಿಸಿ, ಮುಂದಿನ ಸುದ್ದಿಗೆ ಕಾದರು. ಬಂದವರು ಬ್ರಿಟಿಷರೇ ಅಂತ ಖಾತ್ರಿಯಾದದ್ದು ಜನವರಿ 2ಕ್ಕೆ. ಆಮೇಲೆ ಮಿಲಿಷಿಯಾಕ್ಕೆ ಕರೆ ಹೋಯಿತು. ಜನವರಿ 5ಕ್ಕೆ ಬ್ರಿಟಿಷ್ ಪಡೆಯ ಮುಖ್ಯಸ್ಥ ಬೆನೆಡಿಕ್ಟ್ ಆರ್ನಾಲ್ಡ್‌ನ ಸೇನೆ ರಿಚ್ಮಂಡ್ ಒಳಗಿತ್ತು. ಎದುರಿಗೆ ಸೇರಿದ್ದವರು ಇನ್ನೂರರಷ್ಟು ಜನ.

ಜೆಫರ್ಸನ್‌ರನ್ನು ಸುಮ್ನೆ ಬೈಯುವುದು ಸುಲಭ. ಆದರೆ ಮಿಲಿಷಿಯಾ ಅಂದರೆ ರೈತರು. ಕರೆದ ಮೇಲೆ ಶತ್ರು ಬರದಿದ್ದರೆ ಮುಂದಿನ ಸಲ ಕರೆದಾಗ ಅಷ್ಟು ಬೇಗ ಏಳುವುದಿಲ್ಲ. ಆದೇಶವೂ ನೇರವಾಗಿ ಅವರಿಗೆ ತಲುಪುತ್ತಿರಲಿಲ್ಲ. ಗವರ್ನರ್ ಪತ್ರ ಮೊದಲು ಕೌಂಟಿಯ (ಜಿಲ್ಲೆಯಂಥದ್ದು) ಮಿಲಿಷಿಯಾ ಮುಖ್ಯಸ್ಥನಿಗೆ, ಅವನಿಂದ ಕ್ಯಾಪ್ಟನ್‌ಗಳಿಗೆ, ಅವರಿಂದ ಮನೆಮನೆಗೆ. ಎಲ್ಲವೂ ಕುದುರೆ ಮೇಲೆ. ಇದರ ಮೇಲೆ ವರ್ಜೀನಿಯಾದ 1776ರ ಸಂವಿಧಾನದ ಕಟ್ಟು ಬೇರೆ: ಗವರ್ನರ್‌ಗೆಂದೇ ಇದ್ದ ಸಲಹಾ ಮಂಡಳಿಯ ಮಾತಿಲ್ಲದೆ ಗವರ್ನರ್ ಮಿಲಿಷಿಯಾ ಕರೆಯುವಂತಿರಲಿಲ್ಲ. ಬ್ರಿಟನ್ ರಾಜನ ಗವರ್ನರ್‌ಗಳ ದರ್ಪ ಕಂಡವರು ಬರೆದ ಸಂವಿಧಾನ ಅದು, ಹಾಗಿರದೆ ಇನ್ನೇನು!

ದೂರದ ಸುದ್ದಿಗೆ ಜೆಫರ್ಸನ್ ವ್ಯವಸ್ಥೆ ಮಾಡದೆ ಇರಲಿಲ್ಲ. 1780ರಲ್ಲಿ ಯುವ ಸೇನಾಧಿಕಾರಿ ಜೇಮ್ಸ್ ಮನ್ರೋ ಅವರನ್ನು ದಕ್ಷಿಣಕ್ಕೆ ಕಳಿಸಿ, ದಾರಿಯುದ್ದಕ್ಕೂ ಸುದ್ದಿ ಒಯ್ಯುವ ಸವಾರರನ್ನು ಇರಿಸಿದ್ದರು. ವಿಚಿತ್ರ ನೋಡಿ, ಪೆಟ್ಟು ಬಿದ್ದದ್ದು ತಮ್ಮದೇ ಕೊಲ್ಲಿಯ ಕಡೆಯಿಂದ.

1781ರ ಜೂನ್‌ನಲ್ಲಿ ಬ್ರಿಟಿಷ್ ಪಡೆ ಬರುತ್ತಿದ್ದಂತೆ ಶಾಸನಸಭೆಯೇ ಓಡಬೇಕಾಯಿತು. ಜ್ಯಾಕ್ ಜುವೆಟ್ ರಾತ್ರಿಯಿಡೀ ಕುದುರೆ ಓಡಿಸಿ ಎಚ್ಚರಿಸದಿದ್ದರೆ ಜೆಫರ್ಸನ್ ಸಿಕ್ಕಿಬೀಳುತ್ತಿದ್ದರೋ ಏನೋ. ಜೂನ್ 12ರಂದು ಸಭೆ ನೆಲ್ಸನ್‌ರನ್ನೇ ಗವರ್ನರ್ ಮಾಡಿತು. ಅದೇ ದಿನ ಜೆಫರ್ಸನ್ ಆಡಳಿತದ ವಿಚಾರಣೆಗೂ ನಿರ್ಧಾರವಾಯಿತು. ಡಿಸೆಂಬರ್‌ನಲ್ಲಿ ಅವರು ನಿರ್ದೋಷಿ ಎಂದಾಯಿತು.

ಈಗ ಗವರ್ನರ್, ಮಿಲಿಷಿಯಾ ಜನರಲ್ ಇಬ್ಬರೂ ನೆಲ್ಸನ್ನೇ, ಅಂದರೆ ಪತ್ರ ಬರೆಯುವವರೂ ಓದುವವರೂ ಒಬ್ಬರೇ! ಬ್ರಿಟಿಷರ ವಿರುದ್ಧದ ಯಾರ್ಕ್‌ಟೌನ್ ಕಾಳಗದಲ್ಲಿ ನೆಲ್ಸನ್ ಮಿಲಿಷಿಯಾ ಜೊತೆಗೇ ಇದ್ದರು. ಸೇನೆಗೆ ಬೇಕಾದ ದವಸ, ಬಂಡಿಗಳನ್ನು ಜಪ್ತಿ ಮಾಡಿಸಿದರು. ಗೆದ್ದ ಮೇಲೆ ದೂರುಗಳ ಸುರಿಮಳೆ. ಅನಾರೋಗ್ಯದಿಂದ ನವೆಂಬರ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಅವರು ಹೊರಡಿಸಿದ್ದ ಆದೇಶಗಳನ್ನು ಸಕ್ರಮ ಮಾಡಲು ಸಭೆ ಆಮೇಲೆ ಒಂದು ಕಾಯ್ದೆಯನ್ನೇ ತರಬೇಕಾಯಿತು.